ಈ ಸಲದ ಬ್ಲಾಕ್ ಅದಲುಬದಲು: ಅಳತೆ, ಬಟ್ಟೆ, ಬಣ್ಣ ಇಲ್ಲೇ ಮಾತಾಡಿ ಮುಗಿಸೋಣ

ಸೂಜಿಮನೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಈ ಸಲ ಹನ್ನೆರಡು ಜನ ಹೆಸರು ಕೊಟ್ಟಿದ್ದೀರಿ. ಹೊಸಬರೂ ಇರುವುದರಿಂದ ಮೊದಲಿನಿಂದ ಹೇಳುತ್ತೇನೆ. ಬ್ಲಾಕ್ ಅಂದರೆ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಒಂದು ಚೌಕ. ಇಂಥವನ್ನು ಜೋಡಿಸಿ ಪದರ ಸೇರಿಸಿದರೆ ಕ್ವಿಲ್ಟ್, ಅಂದರೆ ಹೊದಿಕೆ, ಆಗುತ್ತದೆ. ಪ್ರತಿಯೊಬ್ಬರೂ ಒಂದೇ ಮಾದರಿಯ ಹನ್ನೆರಡು ಬ್ಲಾಕ್ ಹೊಲಿದು ನನಗೆ ಕಳಿಸಬೇಕು. ನಾನು ವಿಂಗಡಿಸಿ ಎಲ್ಲರಿಗೂ ಒಬ್ಬೊಬ್ಬರದೂ ಒಂದೊಂದು ಬರುವ ಹಾಗೆ ವಾಪಸ್ ಕಳಿಸುತ್ತೇನೆ. ನಿಮ್ಮದೂ ಒಂದು ಅದರಲ್ಲಿ ಇರುತ್ತದೆ. ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು ಜೋಡಿಸಿದರೆ 36 × 48 ಇಂಚು ಆಗುತ್ತದೆ. ಬ್ಲಾಕುಗಳ ನಡುವೆಯೂ ಸುತ್ತಲೂ 2 ಇಂಚಿನ ಪಟ್ಟಿ ಕೊಟ್ಟರೆ 44 × 58. ಮಗುವಿಗೆ ಹೊದಿಸೋದಕ್ಕೆ, ಸೋಫಾ ಮೇಲೆ ಕಾಲಿಗೆ ಹಾಕಿಕೊಳ್ಳೋದಕ್ಕೆ ಸರಿಯಾದ ಗಾತ್ರ.

ಬೇರೆ ಯಾವುದರಲ್ಲಿ ಬೇಕಾದರೂ ಹೊಂದಿಕೊಳ್ಳೋಣ, ಅಳತೆಯಲ್ಲಿ ಮಾತ್ರ ಬೇಡ. ಬ್ಲಾಕ್ ನನ್ನ ಕೈಗೆ ಬಂದಾಗ ಹನ್ನೆರಡೂವರೆ ಇಂಚು ಇರಬೇಕು. ಪಕ್ಕದ್ದಕ್ಕೆ ಸೇರಿಸಿ ಹೊಲಿದ ಮೇಲೆ ಹನ್ನೆರಡು ಉಳಿಯುತ್ತದೆ. ಎಲ್ಲ ಕಡೆ ಹೊಲಿಗೆಗೆ ಬಿಡುವುದು ಕಾಲು ಇಂಚು.

ಇಷ್ಟು ಹಟ ಯಾಕೆ ಅಂದರೆ, ಒಂಬತ್ತು ಚೌಕದ ಸಾದಾ ಬ್ಲಾಕನ್ನೇ ತೆಗೆದುಕೊಳ್ಳಿ. ನಾಲ್ಕೂವರೆ ಇಂಚಿನ ಮೂರು ಚೌಕ ಸಾಲಾಗಿಟ್ಟರೆ ಹದಿಮೂರೂವರೆ. ನಡುವೆ ಎರಡು ಹೊಲಿಗೆ, ಒಂದೊಂದೂ ಅರ್ಧ ಇಂಚು ತಿನ್ನುತ್ತದೆ. ಉಳಿಯುವುದು ಹನ್ನೆರಡೂವರೆ. ಈಗ ನಿಮ್ಮ ಹೊಲಿಗೆ ಕಾಲು ಇಂಚಿಗಿಂತ ಒಂದೇ ಒಂದು ದಾರದೆಳೆ ಒಳಗೆ ಹೋಯಿತು, ಅಂದರೆ ಇಂಚಿನ ಹದಿನಾರನೇ ಒಂದು ಭಾಗ ಅಂತಿಟ್ಟುಕೊಳ್ಳಿ. ಅದು ಎರಡೂ ಬಟ್ಟೆಯಲ್ಲಿ ಹೋಗುತ್ತದೆ, ಎರಡೂ ಹೊಲಿಗೆಯಲ್ಲಿ ಹೋಗುತ್ತದೆ. ಒಟ್ಟು ಕಾಲು ಇಂಚು ಕಡಿಮೆ. ಇನ್ನೊಬ್ಬರು ಅಷ್ಟೇ ಹೊರಗೆ ಹೊಲಿದಿದ್ದರೆ ಎರಡು ಬ್ಲಾಕಿನ ನಡುವೆ ಅರ್ಧ ಇಂಚು ವ್ಯತ್ಯಾಸ. ಅದನ್ನು ಎಳೆದು ಕೂರಿಸೋದಕ್ಕೆ ಆಗಲ್ಲ.

ಮಾದರಿ ಯಾವುದು, ಬಣ್ಣ ಹೇಗೆ ಅಂತ ನೀವೆಲ್ಲ ಹೇಳಿ.

ಬೆಂಗಳೂರು ಜಯನಗರ

ಅಕ್ಕಾ, ನನ್ನ ಒಂದೇ ಕೋರಿಕೆ. ಎಲ್ಲರೂ ಹಿನ್ನೆಲೆಗೆ ಒಂದೇ ಬಟ್ಟೆ ಹಾಕೋಣ. ಕೋರಾ ಬಟ್ಟೆ, ಅಂದರೆ ಬಿಳುಪು ಮಾಡದ ಹತ್ತಿ ಬಟ್ಟೆ, ಆದರೆ ಎಲ್ಲ ಊರಲ್ಲೂ ಸಿಗುತ್ತದೆ, ಬೆಲೆಯೂ ಕಡಿಮೆ. ಹೋದ ಸಲ ಒಬ್ಬರು ಹಳದಿ, ಒಬ್ಬರು ಕಪ್ಪು, ಇನ್ನೊಬ್ಬರು ದೊಡ್ಡ ಹೂವಿನದು ಹಾಕಿದ್ದರು. ಒಂದೊಂದಾಗಿ ನೋಡಿದರೆ ಎಲ್ಲವೂ ಚಂದ. ಒಟ್ಟಿಗೆ ಇಟ್ಟಾಗ ಕಣ್ಣಿಗೆ ಎಲ್ಲೂ ನಿಲ್ಲುವುದಕ್ಕೆ ಜಾಗವೇ ಇರಲಿಲ್ಲ.

ಧಾರವಾಡ ಕಡೆಯವಳು

ನನಗೆ ಇದು ಒಪ್ಪಿಗೆ ಇಲ್ಲರೀ. ನಮ್ಮ ಕಡೆ ಮನೆಮನೆಯಲ್ಲೂ ಕೌದಿ ಇರುತ್ತದೆ. ಅದರಲ್ಲಿ ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ಕುಬಸದ ಖಣ, ಮಕ್ಕಳ ಅಂಗಿ ಎಲ್ಲ ಸೇರಿರುತ್ತವೆ. ಕೈಗೆ ಸಿಕ್ಕಿದ್ದನ್ನು ಹಚ್ಚುತ್ತಾ ಹೋಗುತ್ತಾರೆ, ಬಣ್ಣ ಹೊಂದಿತೋ ಇಲ್ಲವೋ ಅಂತ ಅಂಗಡಿಗೆ ಓಡುವುದಿಲ್ಲ. ಹಾಗಿದ್ದೂ ಕೌದಿ ನೋಡೋದಕ್ಕೆ ಎಷ್ಟು ಚಂದ ಅಲ್ವಾ?

ನಮ್ಮಲ್ಲಿ ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳು ಕೌದಿ ಹೊಲಿಯೋದಕ್ಕೆ ಮನೆ ಬಾಗಿಲಿಗೆ ಬರುತ್ತಿದ್ದರು. ಹಳೆ ಸೀರೆಗಳನ್ನು ಪದರ ಪದರವಾಗಿ ಪಡಸಾಲೆಯಲ್ಲಿ ಹಾಸಿ, ಅದರ ಮೇಲೆಯೇ ಕೂತು, ಗಟ್ಟಿ ದಾರದಲ್ಲಿ ಸಾಲು ಸಾಲು ಹೊಲಿಗೆ ಹಾಕುತ್ತಿದ್ದರು. ಚೌಕಟ್ಟು ಇಲ್ಲ, ಯಂತ್ರ ಇಲ್ಲ. ಬಟ್ಟೆ ಎಲ್ಲಿ ಸರಿಯುತ್ತದೆ ಅನ್ನೋದು ಅವರಿಗೆ ಕೈಯಲ್ಲೇ ಗೊತ್ತಾಗುತ್ತಿತ್ತು.

ಹನ್ನೆರಡು ಜನ ಒಂದೇ ಕೋರಾ ಬಟ್ಟೆ ಹಾಕಿದರೆ ಯಾವುದು ಯಾರದು ಅಂತ ಹೇಗೆ ತಿಳಿಯಬೇಕು? ಬ್ಲಾಕ್ ನೋಡಿದ ತಕ್ಷಣ ಇದು ಧಾರವಾಡದವಳದು ಅಂತ ಗೊತ್ತಾಗಬೇಕು. ನನಗೆ ಅದೇ ಆಸೆ.

ಬೆಂಗಳೂರು ಜಯನಗರ

ಅಕ್ಕಾ, ಕೌದಿಯಲ್ಲಿ ಹೊಲಿಯುವ ಕೈ ಒಂದೇ. ಒಬ್ಬರೇ ಮುಂದೆ ಕೂತು, ಪಕ್ಕದ ತುಂಡು ನೋಡಿಕೊಂಡು ಇನ್ನೊಂದನ್ನು ಹಚ್ಚುತ್ತಾರೆ. ನಮ್ಮಲ್ಲಿ ಹನ್ನೆರಡು ಜನ ಒಬ್ಬರ ಬಟ್ಟೆ ಇನ್ನೊಬ್ಬರು ನೋಡದೆ ಹೊಲಿಯುತ್ತೇವೆ. ಆ ವ್ಯತ್ಯಾಸ ಇದೆ.

ಹಳಿಯಾಳ ಹತ್ತಿರ

ಜಯನಗರದವರು ಹೇಳಿದ್ದು ಸರಿಯಾದ ಮಾತು. ಅದಕ್ಕೆ ನಮ್ಮ ಕಡೆಯ ಒಂದು ವಿಷಯ ಸೇರಿಸುತ್ತೇನೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ನೀವು ನೋಡಿರಬಹುದು. ಇವರ ಹಿಂದಿನವರು ಆಫ್ರಿಕಾದಿಂದ ಬಂದವರು. ಅವರ ಕೌದಿಯಲ್ಲಿ ಬ್ಲಾಕ್ ಅನ್ನೋದೇ ಇಲ್ಲ. ಕೆಳಗೆ ಒಂದು ಸೀರೆ ಹಾಸಿ, ಮೂಲೆಯಿಂದ ಶುರು ಮಾಡಿ, ಅಂಚಿನ ಉದ್ದಕ್ಕೂ ತುಂಡು ಇಟ್ಟು ಹೊಲಿಯುತ್ತಾ ಸುತ್ತು ಬರುತ್ತಾರೆ. ಒಂದು ಸುತ್ತು ಮುಗಿದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ಹೊರಗಿನಿಂದ ಒಳಕ್ಕೆ ಬಂದು ನಡುವಿನಲ್ಲಿ ಮುಗಿಯುತ್ತದೆ. ತುಂಡಿನ ಅಂಚು ಮಡಚುವುದು, ಮೇಲಿನ ಬಟ್ಟೆ ಕೆಳಗಿನದಕ್ಕೆ ಸೇರುವುದು, ಕೌದಿಯ ಸಾಲು ಹೊಲಿಗೆ ಬೀಳುವುದು ಎಲ್ಲ ಒಂದೇ ಸೂಜಿಯಲ್ಲಿ ಒಂದೇ ಸಲಕ್ಕೆ. ನಾವು ಮೇಲ್ಭಾಗ ಬೇರೆ ಹೊಲಿದು, ಆಮೇಲೆ ಮೂರು ಪದರ ಸೇರಿಸಿ ಮತ್ತೆ ಹೊಲಿಯುತ್ತೇವಲ್ಲ, ಆ ಎರಡು ಹಂತ ಅವರಿಗೆ ಇಲ್ಲ.

ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ತ್ರಿಕೋನ ಮಾಡಿ, ಒಂದರ ಮೇಲೊಂದು ಪೇರಿಸಿ ಹೊಲಿಯುತ್ತಾರೆ. ಅದಕ್ಕೆ ಫೂಲ ಅನ್ನುತ್ತಾರೆ. ಫೂಲ ಬೀಳುವವರೆಗೆ ಕೌದಿ ಮುಗಿದ ಹಾಗಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೆಂಗಸರ ಜೊತೆ ಇದ್ದು ಕೆಲಸ ಮಾಡಿದ್ದರಿಂದ ಈ ಕೌದಿಗಳು ಅಲ್ಲಿನ ಪ್ರದರ್ಶನಗಳವರೆಗೂ ಹೋದವು.

ಬ್ಲಾಕ್ ಕಳಿಸಿದ ಹಾಗೆ ಕೌದಿಯ ತುಂಡು ಕಳಿಸಲು ಬರಲ್ಲ. ಆದರೆ ಬಟ್ಟೆ ಕಳಿಸಬಹುದು! ನಾವು ಹನ್ನೆರಡು ಜನರೂ ಬ್ಲಾಕಿನ ಜೊತೆ ಒಂದೊಂದು ಗೇಣು ಬಟ್ಟೆ ಎಲ್ಲರಿಗೂ ಕಳಿಸಿದರೆ ಹೇಗೆ? ಪಟ್ಟಿಗೋ, ಹಿಂಬದಿಗೋ, ಮೂಲೆಗೋ ಅವರವರ ಇಷ್ಟಕ್ಕೆ ಹಾಕಿಕೊಳ್ಳಲಿ. ಧಾರವಾಡದ ಅಕ್ಕನ ಆಸೆಯೂ ತೀರುತ್ತದೆ.

ಧಾರವಾಡ ಕಡೆಯವಳು

ಬಟ್ಟೆಯದು ಬಹಳ ಒಳ್ಳೆಯ ವಿಚಾರ. ನಾನು ಖಣ ಕಳಿಸುತ್ತೇನೆ, ಗುಳೇದಗುಡ್ಡದ್ದೇ.

ಡಲ್ಲಾಸ್ ಕನ್ನಡತಿ

ಇಲ್ಲಿ ನಾನು ಹೋಗುವ ಹೊಲಿಗೆ ಗುಂಪಿನಲ್ಲಿ ಎಲ್ಲರೂ ಬ್ಲಾಕಿನ ಮೇಲೆ ಹೆಸರು ಬರೆಯುತ್ತಾರೆ. ಅದಕ್ಕೆ ಹಳೆಯ ಕಥೆಯೇ ಇದೆ. 1840ರ ದಶಕದಲ್ಲಿ ಅಮೆರಿಕದ ಪೂರ್ವದ ಊರುಗಳಲ್ಲಿ ಸ್ನೇಹಿತರು ಒಬ್ಬೊಬ್ಬರು ಒಂದೊಂದು ಬ್ಲಾಕ್ ಹೊಲಿದು ಸಹಿ ಹಾಕಿ ಕೊಡುವ ರೂಢಿ ಜೋರಾಯಿತು. ಬಟ್ಟೆಯನ್ನು ಹಾಳುಮಾಡದ, ಒಗೆದರೂ ಹೋಗದ ಶಾಯಿ ಆ ಹೊತ್ತಿಗೆ ಸಿಗತೊಡಗಿದ್ದೂ ಅದಕ್ಕೆ ಒಂದು ಕಾರಣ. ಊರು ಬಿಟ್ಟು ಪಶ್ಚಿಮದ ಕಡೆ ಹೊರಟವರಿಗೆ ನೆಂಟರು, ನೆರೆಯವರು ಸೇರಿ ಇಂಥ ಕ್ವಿಲ್ಟ್ ಕೊಡುತ್ತಿದ್ದರು. ಮತ್ತೆ ಮುಖ ನೋಡುತ್ತೇವೋ ಇಲ್ಲವೋ ಅನ್ನುವ ಕಾಲ ಅದು. ಬಾಲ್ಟಿಮೋರ್ ನಗರದ ಕ್ವಿಲ್ಟುಗಳು ಇವುಗಳಲ್ಲಿ ತುಂಬ ಹೆಸರಾದವು. ಹೂವಿನ ಬುಟ್ಟಿ, ಹಕ್ಕಿ, ಹಡಗು ಎಲ್ಲ ಬಟ್ಟೆಯಲ್ಲೇ ಕತ್ತರಿಸಿ ಅಂಟಿಸಿದ ಹಾಗೆ ಹೊಲಿದಿರುತ್ತಾರೆ, ಎಷ್ಟೋ ಚೌಕಗಳಲ್ಲಿ ಹೆಸರೂ ಇರುತ್ತದೆ.

ನಾವೂ ಹೆಸರು, ಊರು, ವರ್ಷ ಬರೆಯೋಣ. ಕನ್ನಡದಲ್ಲೇ. ಬಟ್ಟೆಗೆ ಬರೆಯುವ ಪೆನ್ನು ಸಿಗದಿದ್ದರೆ ಒಂದೆಳೆ ದಾರದಲ್ಲಿ ಹಿಂದಕ್ಕೆ ಹೋಗಿ ಮುಂದೆ ಬರುವ ಟಾಕ (ಬ್ಯಾಕ್ ಸ್ಟಿಚ್) ಹಾಕಿ ಹೊಲಿಯಿರಿ. ಪೆನ್ನಿನಲ್ಲಿ ಬರೆದ ಮೇಲೆ ಇಸ್ತ್ರಿ ಒತ್ತಿದರೆ ಶಾಯಿ ಗಟ್ಟಿಯಾಗಿ ಕೂರುತ್ತದೆ.

ನನ್ನ ಬ್ಲಾಕುಗಳನ್ನು ಅಂಚೆಯಲ್ಲಿ ಕಳಿಸಲ್ಲ. ಊರಿಗೆ ಬರುವವರೊಬ್ಬರ ಕೈಯಲ್ಲಿ ಕಳಿಸುತ್ತೇನೆ. ನನಗೆ ಬರಬೇಕಾದ್ದನ್ನು ಅವರ ಹತ್ತಿರವೇ ಕೊಡಿ. 2025ರ ಆಗಸ್ಟ್ ಕೊನೆಗೆ ಭಾರತದಿಂದ ಅಮೆರಿಕಕ್ಕೆ ಅಂಚೆ ನಿಂತು, ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಯಿತು. ಸುಂಕದ ಲೆಕ್ಕ ಈಗ ಮೊದಲಿನಂತೆ ಇಲ್ಲ. ಹಾಗಾಗಿ ಕೈಗೆ ಕೈ ಆದರೆ ನಿಶ್ಚಿಂತೆ.

ಹೊಸಬಳು, ಹಾಸನ

ನಾನು ಮೊದಲ ಸಲ ಸೇರುತ್ತಿದ್ದೇನೆ. ನನ್ನ ಹತ್ತಿರ ಅಮ್ಮನ ಹಳೆಯ ಕಾಲುಯಂತ್ರ ಇದೆ, ಉರುಳುವ ಬ್ಲೇಡಿನ ರೋಟರಿ ಕಟರ್ ಇಲ್ಲ. ಕತ್ತರಿಯಲ್ಲಿ ಕತ್ತರಿಸಿದರೆ ನಡೆಯುತ್ತಾ? ಕಾಲು ಇಂಚು ಹೇಗೆ ನೋಡಿಕೊಳ್ಳುವುದು?

ಸೂಜಿಮನೆ, ಶಿವಮೊಗ್ಗ

ಧಾರಾಳವಾಗಿ ನಡೆಯುತ್ತದೆ. ಗಟ್ಟಿ ರಟ್ಟಿನಲ್ಲಿ ಚೌಕ ಕತ್ತರಿಸಿಟ್ಟುಕೊಳ್ಳಿ, ಸುತ್ತ ಪೆನ್ಸಿಲ್ ಗೆರೆ ಎಳೆದು ಗೆರೆಯ ಮೇಲೆಯೇ ಕತ್ತರಿಸಿ. ರಟ್ಟಿನ ಅಂಚು ಸವೆದ ತಕ್ಷಣ ಬದಲಾಯಿಸಿ. ಕತ್ತರಿಸುವ ಮುಂಚೆ ಬಟ್ಟೆಗೆ ಸ್ವಲ್ಪ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಕೆಲಸ ಅರ್ಧ ಹಗುರ.

ಕಾಲುಯಂತ್ರಕ್ಕೆ ಹೀಗೆ ಮಾಡಿ. ಪ್ರೆಷರ್ ಪಾದದ ಅಂಚನ್ನು ನಂಬಬೇಡಿ, ಒಂದೊಂದು ಯಂತ್ರದಲ್ಲಿ ಒಂದೊಂದು ಥರ ಇರುತ್ತದೆ. ದಾರ ತೆಗೆದು, ಪಾದದ ಕೆಳಗೆ ಸ್ಕೇಲ್ ಇಡಿ. ಚಕ್ರ ಕೈಯಲ್ಲಿ ತಿರುಗಿಸಿ, ಸೂಜಿಯ ತುದಿ ಸರಿಯಾಗಿ ಕಾಲು ಇಂಚಿನ ಗೆರೆಯ ಮೇಲೆ ಇಳಿಯುವ ಹಾಗೆ ನೋಡಿಕೊಳ್ಳಿ. ಸ್ಕೇಲಿನ ಅಂಚಿಗೆ ತಾಗಿಸಿ ಯಂತ್ರದ ಮೇಲೆ ದಪ್ಪ ಟೇಪು ನಾಲ್ಕೈದು ಪದರ ಅಂಟಿಸಿ. ಬಟ್ಟೆಯ ಅಂಚು ಆ ಟೇಪಿಗೆ ಒರಗಿಕೊಂಡು ಹೋಗಲಿ.

ಆಮೇಲೆ ಪರೀಕ್ಷೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಪಕ್ಕಪಕ್ಕಕ್ಕೆ ಹೊಲಿದು, ಇಸ್ತ್ರಿ ಮಾಡಿ ಅಳೆಯಿರಿ. ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು ಇರಬೇಕು, ಒಟ್ಟು ಮೂರೂವರೆ. ನಡುವಿನದು ಸಣ್ಣದಾದರೆ ಟೇಪನ್ನು ಒಂದು ಕೂದಲಷ್ಟು ಸೂಜಿಯ ಕಡೆ ಸರಿಸಿ. ಇದು ಸರಿ ಬರುವವರೆಗೆ ಬ್ಲಾಕ್ ಮುಟ್ಟಲೇ ಬೇಡಿ.

ಕೈಯಲ್ಲಿ ಹೊಲಿಯುವವರೂ ಸೇರಬಹುದು. ಕಾಲು ಇಂಚಿನ ಗೆರೆ ಎಳೆದುಕೊಂಡು ಸಣ್ಣ ಟಾಕ ಹಾಕಿ, ನಾಲ್ಕೈದು ಟಾಕಕ್ಕೊಮ್ಮೆ ಹಿಂದಕ್ಕೆ ಹೋಗಿ ಗಟ್ಟಿ ಮಾಡಿಕೊಂಡರೆ ಸಾಕು.

ನಿವೃತ್ತ ಗಣಿತ ಮೇಷ್ಟ್ರು, ತುಮಕೂರು

ಮಾದರಿಗೆ ನನ್ನ ಸಲಹೆ ಫ್ರೆಂಡ್‌ಶಿಪ್ ಸ್ಟಾರ್. ಒಂಬತ್ತು ಮನೆ, ನಡುವೆ ಒಂದು ಚೌಕ, ನಾಲ್ಕು ಮೂಲೆಗೆ ಹಿನ್ನೆಲೆ ಚೌಕ, ಉಳಿದ ನಾಲ್ಕಕ್ಕೆ ಎರಡು ತ್ರಿಕೋನ ಸೇರಿದ ಚೌಕ. ಗಿರಗಿಟ್ಟಲೆ ತಿರುಗಿದಂತೆ ಕಾಣುವ ನಕ್ಷತ್ರ ಬರುತ್ತದೆ. ಹೊಸಬರಿಗೂ ಸುಲಭ.

ತ್ರಿಕೋನವನ್ನು ಬೇರೆಬೇರೆ ಕತ್ತರಿಸಬೇಡಿ. ಓರೆ ಅಂಚು ಕೈಯಲ್ಲೇ ಹಿಗ್ಗುತ್ತದೆ. ಎರಡು ಬಣ್ಣದ 5 ಇಂಚಿನ ಚೌಕಗಳನ್ನು ಮುಖಕ್ಕೆ ಮುಖ ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಗೆರೆಯ ಎರಡೂ ಪಕ್ಕ ಕಾಲು ಇಂಚು ಬಿಟ್ಟು ಹೊಲಿದು, ಆಮೇಲೆ ಗೆರೆಯ ಮೇಲೆ ಕತ್ತರಿಸಿ. ಎರಡು ಚೌಕ ಸಿಗುತ್ತವೆ. ಪ್ರತಿಯೊಂದೂ 4⅝ ಇಂಚು ಬರುತ್ತದೆ, ಅದನ್ನು ನಾಲ್ಕೂವರೆಗೆ ಕತ್ತರಿಸಿ ಸರಿಮಾಡಿ. ಹೊಲಿಗೆ ಮೂಲೆಗೆ ಸರಿಯಾಗಿ ಬೀಳಬೇಕು. ಕೆಲವರು 4⅞ ಇಂಚು ಕತ್ತರಿಸಿ ನೇರ ಮುಗಿಸುತ್ತಾರೆ, ಆದರೆ ಹನ್ನೆರಡು ಜನರ ಕೈ ಸೇರುವಾಗ ಕತ್ತರಿಸಿ ಸರಿಮಾಡುವುದೇ ಭದ್ರ.

44 ಇಂಚು ಪನ್ನದ (ಅಗಲದ) ಬಟ್ಟೆಗೆ ಲೆಕ್ಕ ಹಾಕಿದ್ದೇನೆ, ಅಂಚು ಕಳೆದು 42 ಉಳಿಯುತ್ತದೆ. ಹನ್ನೆರಡು ಬ್ಲಾಕಿಗೆ ಹಿನ್ನೆಲೆಯಲ್ಲಿ ನಾಲ್ಕೂವರೆ ಇಂಚಿನ 48 ಚೌಕ, 5 ಇಂಚಿನ 24 ಚೌಕ ಬೇಕು. ಅಂದರೆ 27 ಇಂಚು ಮತ್ತು 15 ಇಂಚು, ಒಟ್ಟು 42 ಇಂಚು ಉದ್ದ. ಒಗೆದಾಗ ಕುಗ್ಗುವುದನ್ನೂ ಸೇರಿಸಿ ಒಂದೂಕಾಲು ಮೀಟರ್ ತನ್ನಿ. ನಕ್ಷತ್ರದ ಬಟ್ಟೆ 24 ಇಂಚು ಸಾಕು, ಮುಕ್ಕಾಲು ಮೀಟರ್ ತಂದರೆ ಎಲ್ಲರಿಗೂ ಕೊಡುವ ತುಂಡಿಗೂ ಸ್ವಲ್ಪ ಉಳಿಯುತ್ತದೆ.

ಹೊಸಬಳು, ಹಾಸನ

ಸರ್, ಇಷ್ಟು ವಿವರವಾಗಿ ಹೇಳಿದ್ದಕ್ಕೆ ತುಂಬ ಧನ್ಯವಾದ. ಬರೆದು ಯಂತ್ರದ ಎದುರಿಗೇ ಅಂಟಿಸಿಕೊಂಡೆ.

ಮೈಸೂರು ಬಣ್ಣದ ಡಬ್ಬಿ

ಬಣ್ಣದ ಬಗ್ಗೆ ಜಗಳ ಬೇಡ, ನನ್ನದೊಂದು ಮಾತು ಕೇಳಿ. ಎಲ್ಲರೂ ಒಂದೇ ಬಟ್ಟೆ ಹಾಕಬೇಕಾಗಿಲ್ಲ. ಹಿನ್ನೆಲೆ ತಿಳಿಯಾಗಿರಬೇಕು, ನಕ್ಷತ್ರ ಗಾಢವಾಗಿರಬೇಕು, ಅಷ್ಟೇ. ಕೆನೆ, ತಿಳಿಹಳದಿ, ತಿಳಿಗುಲಾಬಿ, ಸಣ್ಣ ಚುಕ್ಕಿಯ ಬಿಳಿ ಯಾವುದಾದರೂ ಸರಿ. ಎರಡೂ ಬಟ್ಟೆ ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಒಂದು ಬಿಳಿಯ ಹತ್ತಿರ, ಇನ್ನೊಂದು ಕಪ್ಪಿನ ಹತ್ತಿರ ಕಂಡರೆ ಗೆದ್ದಿರಿ. ಎರಡೂ ಒಂದೇ ಬೂದಾಗಿ ಕಂಡರೆ, ಕಣ್ಣಿಗೆ ಕೆಂಪು ಹಸಿರು ಎಷ್ಟೇ ಬೇರೆ ಅನಿಸಿದರೂ ನಕ್ಷತ್ರ ಮುಳುಗಿಹೋಗುತ್ತದೆ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಬಣ್ಣ ಬಿಡುವುದು. ಹನ್ನೊಂದು ಜನರ ಕೆಲಸವನ್ನು ಒಂದು ಕೆಂಪು ತುಂಡು ಹಾಳುಮಾಡಬಲ್ಲದು. ನೀಲಿ, ಅಜ್ರಕ್, ಕಲಂಕಾರಿ, ಗಾಢ ಕೆಂಪು ಯಾವುದೇ ಇರಲಿ, ಬೇರೆಯಾಗಿ ನೆನೆಸಿ ಒಗೆಯಿರಿ. ನೀರು ತಿಳಿಯಾಗುವವರೆಗೆ ಒಗೆಯಿರಿ. ಆಮೇಲೆ ಒಂದು ಮೂಲೆ ಒದ್ದೆ ಮಾಡಿ, ಬಿಳಿ ಕರವಸ್ತ್ರದ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಕರವಸ್ತ್ರಕ್ಕೆ ಬಣ್ಣ ಹತ್ತಿದರೆ ಆ ಬಟ್ಟೆ ಈ ಕೆಲಸಕ್ಕೆ ಬೇಡ. ಉಪ್ಪು, ವಿನೆಗರ್ ಹಾಕಿದರೆ ನಿಲ್ಲುತ್ತದೆ ಅಂತ ತುಂಬ ಜನ ಹೇಳುತ್ತಾರೆ. ಅಂಗಡಿಯಿಂದ ತಂದ ಬಣ್ಣದ ಹತ್ತಿ ಬಟ್ಟೆಗೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಕೋರಾ ಬಟ್ಟೆಯನ್ನೂ ಒಗೆಯದೆ ಬಳಸಬೇಡಿ, ಚೆನ್ನಾಗಿಯೇ ಕುಗ್ಗುತ್ತದೆ.

ಧಾರವಾಡ ಕಡೆಯವಳು

ತಿಳಿ ಮತ್ತು ಗಾಢ ಅಂದರೆ ನನಗೂ ಒಪ್ಪಿಗೆ. ಹಾಗಾದರೆ ನಕ್ಷತ್ರಕ್ಕೆ ಖಣ ಹಾಕಲಾ? ಅದು ಜಾರುತ್ತದೆ, ಎಳೆ ಬಿಚ್ಚಿಕೊಳ್ಳುತ್ತದೆ ಅಂತ ಸ್ವಲ್ಪ ಹೆದರಿಕೆ.

ಮೈಸೂರು ಬಣ್ಣದ ಡಬ್ಬಿ

ಹಾಕಿ. ಹಿಂದೆ ತೆಳ್ಳನೆಯ ಫ್ಯೂಸಿಂಗ್ (ಇಸ್ತ್ರಿ ಒತ್ತಿದರೆ ಅಂಟುವ ಬಟ್ಟೆ) ಅಂಟಿಸಿ, ಆಮೇಲೆ ಕತ್ತರಿಸಿ. ಟೈಲರ್ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ, ಹತ್ತಿಯ ತೆಳುವಾದದ್ದೇ ಕೇಳಿ, ದಪ್ಪದ್ದು ಹಾಕಿದರೆ ಬ್ಲಾಕ್ ರಟ್ಟಿನಂತಾಗುತ್ತದೆ. ಇಸ್ತ್ರಿ ಬಿಸಿ ಕಡಿಮೆ ಇರಲಿ, ಮೇಲೆ ಒಂದು ಹತ್ತಿ ಬಟ್ಟೆ ಹಾಕಿಕೊಳ್ಳಿ. ಈಗಿನ ಖಣದಲ್ಲಿ ಕೃತಕ ರೇಷ್ಮೆ ಜಾಸ್ತಿ, ನೇರ ಶಾಖಕ್ಕೆ ಮುದುಡುತ್ತದೆ. ಇನ್ನೊಂದು ವಿಷಯ, ಸಣ್ಣ ಚಿತ್ತಾರ ಒಂದೇ ದಿಕ್ಕಿಗೆ ಇರುವಂತೆ ಕತ್ತರಿಸಿ. ಖಣದ ಚಂದ ಇರೋದೇ ಅದರಲ್ಲಿ.

ಬೆಂಗಳೂರು ಜಯನಗರ

ನಾನೂ ಒಪ್ಪಿದೆ. ಆದರೆ ಹಿನ್ನೆಲೆಗೆ ದೊಡ್ಡ ಹೂವು ಬೇಡ ಅನ್ನೋದನ್ನು ದಯವಿಟ್ಟು ನಿಯಮದಲ್ಲಿ ಸೇರಿಸಿ. ಹಳೆ ಸೀರೆ ಬಳಸುವವರು ಬೆಳಕಿಗೆ ಹಿಡಿದು ನೋಡಿ, ಸವೆದು ತೆಳುವಾದ ಜಾಗ ಬಿಟ್ಟು ಕತ್ತರಿಸಿ. ಕೌದಿಯಲ್ಲಿ ಕೆಳಗೆ ಎಷ್ಟೋ ಪದರ ಇರುತ್ತದೆ, ಸಾಲು ಹೊಲಿಗೆ ಹತ್ತಿರ ಹತ್ತಿರ ಇರುತ್ತದೆ, ಹಳೆ ಬಟ್ಟೆ ತಾಳುತ್ತದೆ. ಬ್ಲಾಕಿನಲ್ಲಿ ಆ ಬಲ ಇಲ್ಲ, ಎರಡು ಮೂರು ಒಗೆತಕ್ಕೆ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ.

ಹಳಿಯಾಳ ಹತ್ತಿರ

ಹಳೆ ಸೀರೆಯನ್ನು ಒಳಪದರಕ್ಕೆ ಇಟ್ಟುಕೊಳ್ಳಿ. ಬ್ಯಾಟಿಂಗ್ ಅಂತ, ಅಂದರೆ ಕ್ವಿಲ್ಟಿನ ಒಳಗೆ ಹಾಕುವ ಮೆತ್ತನೆಯ ಹಾಸಿಗೆ, ದುಬಾರಿ ಕೊಡುವುದರ ಬದಲು ಮೆತ್ತನೆಯ ಹತ್ತಿ ಸೀರೆ ಮೂರು ನಾಲ್ಕು ಮಡಿಕೆ ಹಾಕಿದರೆ ನಮ್ಮ ಹವೆಗೆ ಸಾಕು. ಮಲೆನಾಡಿನ ಚಳಿಗೂ ಸಾಕು. ಒಂದೇ ಷರತ್ತು, ಸಾಲು ಹೊಲಿಗೆ ಒತ್ತಾಗಿ ಹಾಕಬೇಕು, ಇಲ್ಲದಿದ್ದರೆ ಒಗೆದಾಗ ಒಳಗಿನ ಸೀರೆ ಮುದ್ದೆಯಾಗುತ್ತದೆ.

ಸೂಜಿಮನೆ, ಶಿವಮೊಗ್ಗ

ಸರಿ, ಹಾಗಾದರೆ ತೀರ್ಮಾನ ಇದು. ಮಾದರಿ ಫ್ರೆಂಡ್‌ಶಿಪ್ ಸ್ಟಾರ್. ನಕ್ಷತ್ರ ಎಲ್ಲರದ್ದೂ ಒಂದೇ ಕಡೆ ತಿರುಗಲಿ, ಮೇಷ್ಟ್ರು ಚಿತ್ರ ಬರೆದು ಹಾಕುತ್ತಾರೆ. ಹಿನ್ನೆಲೆ ತಿಳಿ, ದೊಡ್ಡ ಹೂವು ಬೇಡ. ನಕ್ಷತ್ರ ಗಾಢ, ಅದು ನಿಮ್ಮ ಊರಿನದೋ ಮನೆಯದೋ ಯಾವುದಾದರೂ ಇರಲಿ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಬಟ್ಟೆ ಒಗೆದಿರಬೇಕು. ಹೆಸರು, ಊರು, ವರ್ಷ ನಡುವಿನ ಚೌಕದಲ್ಲಿ ಬೇಡ, ಕೆಳಗಿನ ಒಂದು ಮೂಲೆಯ ತಿಳಿ ಬಟ್ಟೆಯಲ್ಲಿ, ಹೊಲಿಗೆಯ ಅಂಚಿನಿಂದ ಅರ್ಧ ಇಂಚು ಒಳಗೆ ಬರೆಯಿರಿ. ಜೊತೆಗೆ ಒಂದೊಂದು ಗೇಣಿನ ಹನ್ನೆರಡು ತುಂಡು, ಮೇಷ್ಟ್ರ ಲೆಕ್ಕಕ್ಕೆ ಮುಕ್ಕಾಲು ಮೀಟರ್ ಜಾಸ್ತಿ ತೆಗೆದುಕೊಂಡರೆ ಆಯಿತು.

ಮೊದಲು ಒಂದೇ ಬ್ಲಾಕ್ ಹೊಲಿದು, ಸ್ಕೇಲ್ ಇಟ್ಟು ಫೋಟೋ ಹಾಕಿ. ಅಳತೆ ನೋಡಿ ಹೇಳುತ್ತೇನೆ, ಆಮೇಲೆ ಉಳಿದ ಹನ್ನೊಂದು ಕತ್ತರಿಸಿ. ಇಸ್ತ್ರಿಯನ್ನು ಒತ್ತಿ ಎತ್ತಿ, ಎಳೆದಾಡಬೇಡಿ. ಓರೆ ಹೊಲಿಗೆ ಇರುವ ಬ್ಲಾಕು ಇಸ್ತ್ರಿಯಲ್ಲೇ ಸೊಟ್ಟಗಾಗುವುದು ಜಾಸ್ತಿ.

ಹನ್ನೆರಡು ಬ್ಲಾಕ್ ಸೇರಿದರೂ ಕಾಲು ಕೆಜಿ ದಾಟುವುದಿಲ್ಲ. ತುಂಡುಗಳಿಗೆ ಇನ್ನಷ್ಟು. ಮಡಚದೆ, ಒಂದರ ಮೇಲೊಂದು ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆಮೇಲೆ ಕವರಿಗೆ ಹಾಕಿ, ಮಳೆಗಾಲ ಬೇರೆ. ರಿಜಿಸ್ಟರ್ಡ್ ಪೋಸ್ಟ್ ಕೇಳಬೇಡಿ, 2025ರಲ್ಲೇ ಅದು ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ವಿಳಾಸ ಇಲ್ಲಿ ಹಾಕಬೇಡಿ, ನನಗೆ ಖಾಸಗಿಯಾಗಿ ಕಳಿಸಿ.

ಡಲ್ಲಾಸ್ ಕನ್ನಡತಿ

ಅಕ್ಕಾ, ದಾರ ಯಾವ ಬಣ್ಣ? ಒಬ್ಬರು ಬಿಳಿ, ಒಬ್ಬರು ಕಪ್ಪು ಹಾಕಿದರೆ ತೊಂದರೆ ಇದೆಯಾ?

ಸೂಜಿಮನೆ, ಶಿವಮೊಗ್ಗ

ತಿಳಿ ಬೂದು ಹಾಕಿ, ಎರಡೂ ಬಟ್ಟೆಗೆ ಹೊಂದಿಕೊಳ್ಳುತ್ತದೆ. ಹತ್ತಿಯದಾದರೆ ಒಳ್ಳೆಯದು. ಟಾಕ ಇಂಚಿಗೆ ಹನ್ನೆರಡರ ಹತ್ತಿರ ಇರಲಿ, ಬ್ಲಾಕಿನ ಅಂಚಿನಲ್ಲಿ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ.

ಹೊಸಬಳು, ಹಾಸನ

ಮೂರು ಪಟ್ಟಿಯ ಪರೀಕ್ಷೆ ಮಾಡಿದೆ. ನಡುವಿನದು ಸರಿಯಾಗಿ ಒಂದು ಇಂಚು ಬಂತು! ಫೋಟೋ ಹಾಕುತ್ತಿದ್ದೇನೆ, ನೋಡಿ ಹೇಳಿ.

ನಿವೃತ್ತ ಗಣಿತ ಮೇಷ್ಟ್ರು, ತುಮಕೂರು

ನೋಡಿದೆ ಮಗಳೇ, ಕರಾರುವಾಕ್ಕಾಗಿದೆ. ಇನ್ನು 5 ಇಂಚಿನ ಚೌಕ ಕತ್ತರಿಸಲು ಶುರು ಮಾಡು.